ಆಪರೇಟರ್, ಸೌಂಡ್!

ಹಾರರ್ ಸಿನಿಮಾ ನೋಡಲು ನನಗೆ ಜೊತೆ ಬೇಕು, ಆದರೆ ನಡುವೆ ಮಾತನಾಡುವವರು ಬೇಡ. ಈ ಎರಡಕ್ಕೂ ಸರಿಹೊಂದುವವನು ಅಪ್ಪ ಒಬ್ಬನೇ. ಭಾನುವಾರ ಬೆಳಗಿನ ಆಟಕ್ಕೆ ವಿದ್ಯಾರಣ್ಯಪುರದ ಮನೆಯಿಂದ ಹೆಬ್ಬಾಳದ ಕಡೆಯ ಮಾಲ್‌ಗೆ ನನ್ನ ಸ್ಕೂಟರಿನಲ್ಲಿ ಹೋಗುತ್ತೇವೆ. ಅಮ್ಮ ಬರುವುದಿಲ್ಲ. "ದುಡ್ಡು ಕೊಟ್ಟು ಹೆದರ್ಕೊಳ್ಳೋಕೆ ನಂಗೇನ್ ತಲೆ ಕೆಟ್ಟಿದ್ಯಾ?" ಎನ್ನುತ್ತಾಳೆ.

ಸಿನಿಮಾ ಮುಗಿದ ಮೇಲೆ ನಮ್ಮದೊಂದು ನಿಯಮವಿದೆ. ದರ್ಶಿನಿ ತಲುಪಿ ಬೈಟು ಕಾಫಿ ಕೈಗೆ ಬರುವವರೆಗೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಹೇಳುವಾಗ ಮೊದಲು ಬೈಯಬೇಕು, ಆಮೇಲೆ ಹೊಗಳಬೇಕು. ಆಫೀಸಿನಲ್ಲಿ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಮನಸ್ಸಿನಲ್ಲಿರುವುದನ್ನು ಪೂರ್ತಿ ಹೇಳುವುದು ಆ ಎತ್ತರದ ಸ್ಟೀಲ್ ಮೇಜಿನ ಮುಂದೆ ನಿಂತಾಗ ಮಾತ್ರ.

ಈಚಿನ ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ನನ್ನ ತಕರಾರು ಸರಳ. ಅಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ. ಸತ್ತವನು ಮುಂದಿನ ಭಾಗದಲ್ಲಿ ಹೊಸ ಬಟ್ಟೆ ಹಾಕಿಕೊಂಡು ಬರುತ್ತಾನೆ. ಇಡೀ ಊರು ಕುಸಿದು ಬೀಳುತ್ತದೆ, ಆದರೆ ಆ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಹಾರರ್ ಹಾಗಲ್ಲ. ಒಂದು ಮನೆ, ನಾಲ್ಕು ಜನ ಸಾಕು. ಒಳ್ಳೆಯ ನಿರ್ದೇಶಕರು ಈಗ ದೆವ್ವವನ್ನೇ ತೋರಿಸುವುದಿಲ್ಲ. ನಲ್ಲಿ ತೊಟ್ಟಿಕ್ಕುತ್ತದೆ, ಮಹಡಿಯ ಮೇಲೆ ಯಾರೋ ಕುರ್ಚಿ ಎಳೆದಂತಾಗುತ್ತದೆ. ಆ ಮನೆಯಲ್ಲಿ ಸತ್ತವರ ದುಃಖ ಇನ್ನೂ ಮುಗಿದಿಲ್ಲ ಎಂದು ನಮಗೆ ಅಷ್ಟರಲ್ಲೇ ತಿಳಿಯುತ್ತದೆ.

ಇದನ್ನು ವಿವರಿಸಿದಾಗ ಅಪ್ಪ, "ಅಂದ್ರೆ ದೆವ್ವಕ್ಕೂ ಡಿಪ್ರೆಶನ್ನಾ?" ಎಂದು ಕೇಳಿದ್ದ.

ಮೊದಲು ಅವನಿಗೂ ಹಾರರ್ ಇಷ್ಟವೇ. ನನ್ನನ್ನು ಈ ಹುಚ್ಚಿಗೆ ಹಚ್ಚಿದವನೇ ಅವನು. ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮುಂದೆ ದುಡಿದು, ವಾರದ ರಜೆಗೆ ಯಶವಂತಪುರದ ಹಳೆಯ ಟಾಕೀಸಿನಲ್ಲಿ ಸಿನಿಮಾ ನೋಡುತ್ತಿದ್ದವನು. ನಿವೃತ್ತಿಯಾದ ಮೇಲೆ ಅವನ ರುಚಿ ಬದಲಾಯಿತು. ಹಾರರ್ ನೋಡಿ ಬಂದರೆ, "ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣಮ್ಮ, ಯಾಕ್ ಹೆದರ್ತಾರೋ ಗೊತ್ತಾಗಲ್ಲ" ಎನ್ನುತ್ತಿದ್ದ. ಅವನ ಪ್ರಕಾರ ಸೂಪರ್‌ಹೀರೋಗಳೇ ವಾಸಿ. "ಬಿಲ್ಡಿಂಗ್ ಬಿದ್ರೆ ಬಿದ್ದಂಗಿರುತ್ತೆ. ನಿನ್ ಸಿನಿಮಾಲಿ ಏನೂ ಬೀಳಲ್ಲ."

ವಯಸ್ಸಾದಂತೆ ತಾಳ್ಮೆ ಕಡಿಮೆಯಾಗುತ್ತದೆ ಎಂದುಕೊಂಡೆ. ಸುಮಾರು ಒಂದು ವರ್ಷ ನಾವು ಹೀಗೇ ಕಾಫಿ ಮುಂದೆ ಸಂತೋಷವಾಗಿ ಜಗಳವಾಡಿದೆವು.

ಆಮೇಲೆ ಆ ಭಾನುವಾರ ಬಂತು. ತೆರೆಯ ಮೇಲೆ ತಾಯಿಯೊಬ್ಬಳು ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗಿನಿಂದ ಅವಳ ಸತ್ತ ಮಗು ಪಿಸುದನಿಯಲ್ಲಿ ಲಾಲಿ ಹಾಡುತ್ತಿತ್ತು. ಆ ದನಿಯ ಹೊರತು ಬೇರೆ ಸದ್ದಿಲ್ಲ. ಥಿಯೇಟರಿನಲ್ಲಿ ಯಾರೂ ಪಾಪ್‌ಕಾರ್ನ್‌ಗೂ ಕೈ ಹಾಕುತ್ತಿರಲಿಲ್ಲ. ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿದ. ಪ್ರೊಜೆಕ್ಟರಿನ ಕಿಂಡಿಯ ಕಡೆ ನೋಡಿ, ಎರಡು ಸಲ ಚಪ್ಪಾಳೆ ತಟ್ಟಿ, ಹಳೆಯ ಟಾಕೀಸುಗಳಲ್ಲಿ ದನಿ ಹೋದಾಗ ಜನ ಕೂಗುತ್ತಿದ್ದರಲ್ಲ, ಹಾಗೆಯೇ ಕೂಗಿದ: "ಏಯ್ ಆಪರೇಟರ್! ಸೌಂಡು!"

ಅದೇ ಗಳಿಗೆಗೆ ತೆರೆಯ ಮೇಲೆ ಬಾಗಿಲು ಸಿಡಿದು ತೆರೆದುಕೊಂಡಿತು, ಕುರ್ಚಿಗಳೇ ನಡುಗುವಂಥ ಸದ್ದು. ಇಡೀ ಥಿಯೇಟರ್ ಕಿರುಚಿ, ಮರುಕ್ಷಣವೇ ನಗತೊಡಗಿತು. ಹಿಂದಿನ ಸಾಲಿನಲ್ಲಿ ಯಾರೋ, "ಮಗಾ, ದೆವ್ವಕ್ಕಿಂತ ಅಂಕಲ್ಲೇ ಡೇಂಜರ್!" ಎಂದರು.

ಅಪ್ಪ ನೆಟ್ಟಗೆ ಕೂತು, ತೃಪ್ತಿಯಿಂದ ನನ್ನ ಕಡೆ ಬಾಗಿದ. "ನೋಡ್ದ್ಯಾ? ಕೂಗಿದ ತಕ್ಷಣ ಸರಿ ಮಾಡ್ದ."

ನಾನು ನಗಲಿಲ್ಲ. ಹಿಂದಿನ ಒಂದು ವರ್ಷ ನೋಡಿದ ಸಿನಿಮಾಗಳೆಲ್ಲ ಒಂದೊಂದಾಗಿ ನೆನಪಾದವು. ತೊಟ್ಟಿಕ್ಕುವ ನಲ್ಲಿ, ಮಹಡಿಯ ಕುರ್ಚಿ. ಅವನ ಪಾಲಿಗೆ ಅವೆಲ್ಲ ನಿಜವಾಗಿಯೂ ಬರಿಯ ಗೋಡೆಗಳಾಗಿದ್ದವು.

ದರ್ಶಿನಿಯಲ್ಲಿ ಕಾಫಿ ಬಂದರೂ ನಾನು ಬೈಯಲೂ ಇಲ್ಲ, ಹೊಗಳಲೂ ಇಲ್ಲ.

"ಅಪ್ಪ, ಸೌಂಡ್ ಹೋಗಿರ್ಲಿಲ್ಲ. ಬಾಗಿಲ ಹಿಂದೆ ಮಗು ಹಾಡ್ತಾ ಇತ್ತು."

"ಯಾವ್ ಮಗು?"

"ಸತ್ತೋಗಿತ್ತಲ್ಲ, ಅದು. ಎಲ್ರಿಗೂ ಕೇಳಿಸ್ತು."

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಈಗಿನ ಸಿನಿಮಾದವ್ರಿಗೆ ಸೌಂಡ್ ಮಾಡೋಕೇ ಬರಲ್ಲ" ಎಂದ. ಅದು ವಿಮರ್ಶೆಯಾಗಿರಲಿಲ್ಲ.

ಮುಂದಿನ ಭಾನುವಾರ, "ಮಂಡಿ ನೋವು, ನೀನ್ ಹೋಗ್ಬಾ" ಎಂದ. ಅದರ ಮುಂದಿನ ವಾರ ಯಾರದೋ ಗೃಹಪ್ರವೇಶದ ನೆಪ. ನನ್ನ ಮಾತಿನಿಂದ ಅವನಿಗೆ ಅವಮಾನವಾಗಿದೆ, ಇನ್ನು ಅವನು ಬರುವುದೇ ಇಲ್ಲ ಎಂಬ ಭಯ ನನಗೆ ಹತ್ತಿತು. ಸಿನಿಮಾ ಇಲ್ಲದಿದ್ದರೆ ನಾವಿಬ್ಬರೂ ಒಂದೇ ಮನೆಯಲ್ಲಿ 'ಊಟ ಆಯ್ತಾ' ಎಂದು ಕೇಳಿಕೊಂಡು ಇದ್ದುಬಿಡುವಂಥವರು. ಒಬ್ಬಳೇ ಟಿಕೆಟ್ ಬುಕ್ ಮಾಡಲು ಹೋಗಿ ಎರಡು ಸಲ ಫೋನ್ ಕೆಳಗಿಟ್ಟೆ.

ಅಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದಳು. "ಅಯ್ಯೋ, ಕಿವಿ ಕೇಳಲ್ವಾ? ಬೇಕೂಂತ್ಲೇ ಕೇಳಿಸ್ಕೊಳ್ಳಲ್ಲ ಅಂದ್ಕೊಂಡು ವರ್ಷದಿಂದ ಬೈತಾ ಇದೀನಲ್ಲೇ!"

ಸಂಜೆ ಅಪ್ಪ ಗಿಡಗಳಿಗೆ ನೀರು ಹಾಕುತ್ತಿದ್ದ. ಅವನ ಎದುರಿಗೇ ಹೋಗಿ ನಿಂತು, ನಿಧಾನವಾಗಿ ಹೇಳಿದೆ: "ನೀನ್ ಬರ್ದಿದ್ರೆ ನಾನೂ ಹೋಗಲ್ಲ. ನಂಗೆ ಜಗಳ ಆಡೋಕೆ ಬೇರೆ ಯಾರೂ ಇಲ್ಲ."

ಅವನು ಪೈಪನ್ನು ಇನ್ನೊಂದು ಕುಂಡಕ್ಕೆ ತಿರುಗಿಸಿದ. "ಕಿವಿ ಡಾಕ್ಟರ್ ಭಾನುವಾರ ಇರ್ತಾರಾ?" ಎಂದ.

ಭಾನುವಾರ ಇರಲಿಲ್ಲ. ಶನಿವಾರ ಹೋದೆವು. ಸದ್ದು ನುಗ್ಗದ ಪುಟ್ಟ ಕೋಣೆಯೊಂದರಲ್ಲಿ ಅವನನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಶಬ್ದ ಕೇಳಿದಾಗಲೆಲ್ಲ ಒತ್ತಲು ಒಂದು ಗುಂಡಿ ಕೊಟ್ಟರು. ಗಾಜಿನ ಈಚೆ ನಾನು. ಅವನು ಕಣ್ಣು ಅಗಲಿಸಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಒಮ್ಮೆ ಒತ್ತಲು ಹೋಗಿ ತಡೆದುಕೊಂಡ, ಮತ್ತೆ ಒತ್ತಿದ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಆ ಸಲ ಯಾವ ಶಬ್ದವನ್ನೂ ಕಳಿಸಿರಲಿಲ್ಲವಂತೆ.

ಹೊರಬಂದಾಗ ಅವನ ಹಣೆ ಬೆವೆತಿತ್ತು. "ಬರುತ್ತೋ ಇಲ್ವೋ ಗೊತ್ತಾಗಲ್ಲ ಕಣಮ್ಮ. ಬಂದಂಗಿರುತ್ತೆ, ಬಂದಿರಲ್ಲ. ಎದೆ ಡವಡವ ಅಂತು."

"ಅದೇ ಅಪ್ಪ ಹಾರರ್ ಅಂದ್ರೆ. ವರ್ಷದಿಂದ ಅದನ್ನೇ ಹೇಳ್ತಿದೀನಿ."

"ಹಂಗಂತ ಸರಿಯಾಗಿ ಹೇಳ್ಬೇಕಮ್ಮಾ" ಎಂದ.

ಎರಡೂ ಕಿವಿಗೆ ಯಂತ್ರ ಬೇಕೆಂದು ಹುಡುಗಿ ವಿವರಿಸಿದಳು. ಅಪ್ಪ ಕತ್ತು ಮುಂದೆ ಚಾಚಿ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, ಬಹಳ ಗೌರವದಿಂದ, ತನ್ನ ಒಂದೇ ಒಂದು ಪ್ರಶ್ನೆ ಕೇಳಿದ.

"ಮೇಡಂ, ನನ್ ಮಗಳು ದೆವ್ವದ ಸಿನಿಮಾಗೆ ಕರ್ಕೊಂಡು ಹೋಗ್ತಾಳೆ. ಈ ಭಾನುವಾರದೊಳಗೆ ಸಿಗುತ್ತಾ?"