ವಾಪಸು ಬೇಡದ ಡಬ್ಬಿ

ಗೋವಿಂದರಾಜನಗರದ ಆ ಅಡ್ಡರಸ್ತೆಯಲ್ಲಿ ಶಿವಗಂಗಮ್ಮನವರನ್ನು ಬೈಯುವ ಜೀವ ಒಂದೇ ಒಂದು ಇತ್ತು. ಅದು ಎದುರುಮನೆಯ ವಿಮಲಮ್ಮ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾದ ಹೆಂಗಸು. ಸಮೀಕರಣದ ಒಂದು ಕಡೆ ಏನಾದರೂ ಕೂಡಿದರೆ ಇನ್ನೊಂದು ಕಡೆಯೂ ಅಷ್ಟೇ ಕೂಡಬೇಕು ಅನ್ನುವುದು ಅವರ ರಕ್ತದಲ್ಲೇ ಇತ್ತು. ಶಿವಗಂಗಮ್ಮನವರ ವಿಷಯದಲ್ಲಿ ಅದು ಯಾವತ್ತೂ ಕೂಡಲಿಲ್ಲ.

ಎರಡು ವರ್ಷದ ಹಿಂದೆ ವಿಮಲಮ್ಮನಿಗೆ ಚಿಕೂನ್‌ಗುನ್ಯ ಬಂದು ಕೈಕಾಲು ಹಿಡಿದುಕೊಂಡಾಗ ಇದೆಲ್ಲ ಶುರುವಾಯಿತು. ಶಿವಗಂಗಮ್ಮ ದಿನಾ ಮಧ್ಯಾಹ್ನ ಮುದ್ದೆ, ಬಸ್ಸಾರು ಹೊತ್ತು ಬರುತ್ತಿದ್ದರು. ಮೂರು ವಾರಕ್ಕೆ ವಿಮಲಮ್ಮ ಎದ್ದು ಓಡಾಡಿದರು. ಡಬ್ಬಿ ಬರುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಮಸ್ಸೊಪ್ಪು, ಇನ್ನೊಂದು ದಿನ ಅವರೆಕಾಳು ಉಪ್ಪಿಟ್ಟು.

ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ಯಾರೂ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ವಿಮಲಮ್ಮ ಕಂಜೂಸಿ ಮಾಡದೆ ಡಬ್ಬಿಯ ತುಂಬ ಕೋಡುಬಳೆ ಹಾಕಿ ಕಳಿಸಿದರು. ಮಾರನೆಯ ಬೆಳಿಗ್ಗೆ ರಸ್ತೆ ಗುಡಿಸುವಾಕೆ ಹೊಂಗೆಮರದ ಕೆಳಗೆ ಕೂತು ಅದೇ ಕೋಡುಬಳೆಯನ್ನು ಕಟಕಟ ಅಂತ ಅಗಿಯುತ್ತಿದ್ದಳು. ರವೆ ಉಂಡೆ ಕಳಿಸಿದರೆ ಇಸ್ತ್ರಿ ಅಂಗಡಿಯ ಯಲ್ಲಪ್ಪ, ಉಂಡೆ ಬಹಳ ಚೆನ್ನಾಗಿತ್ತು ಮೇಡಂ ಅಂದ. ವಿಮಲಮ್ಮ ನೇರವಾಗಿ ಕೇಳಿಯೇಬಿಟ್ಟರು. ಅವರಿಗೆ ಹಸಿವಿತ್ತು, ಕೊಟ್ಟೆ ಅಂದರು ಶಿವಗಂಗಮ್ಮ. ಇದಕ್ಕೆ ಏನಂತ ಜಗಳ ಆಡುವುದು?

ಆಮೇಲೆ ಡಬ್ಬಿಯೂ ಬದಲಾಯಿತು. ಸ್ಟೀಲಿನದು ಹೋಗಿ, ಹೋಟೆಲಿನವರು ಪಾರ್ಸೆಲ್ ಕೊಡುವ ತೆಳ್ಳನೆ ಪ್ಲಾಸ್ಟಿಕ್ಕಿನದು ಬಂತು. ತೊಳೆಯೋ ತಾಪತ್ರಯ ಇಲ್ಲ, ಬಿಸಾಕಿಬಿಡಿ ಅಂತ ಹೇಳಿ ಆ ಹೆಂಗಸು ನಗುತ್ತಾ ಹೊರಟುಹೋಯಿತು. ವಿಮಲಮ್ಮನಿಗೆ ಮೈಯೆಲ್ಲ ಉರಿಯಿತು. ಒಂದು ಚಿಟಿಕೆ ಸಕ್ಕರೆ ಹಾಕುವ ಅವಕಾಶವನ್ನೂ ಕಿತ್ತುಕೊಂಡರಲ್ಲ! ಇಷ್ಟು ವರ್ಷ ತನ್ನ ದುಡಿಮೆಯಲ್ಲಿ ತಾನು ಬದುಕಿದವಳು ಈಗ ದಿನಾ ಕೈಯೊಡ್ಡಿ ಕೂತವಳ ಹಾಗಾಗಿದ್ದೇನೆ ಎಂದು ಅವಮಾನವಾಯಿತು.

ಸುಮ್ಮಸುಮ್ಮನೆ ಯಾರೂ ಕೊಡುವುದಿಲ್ಲ, ಇದರಲ್ಲಿ ಏನೋ ಇದ್ದೇ ಇರುತ್ತದೆ ಎಂದು ವಿಮಲಮ್ಮ ಹುಡುಕತೊಡಗಿದರು. ಪುಣ್ಯಕ್ಕಿರಬಹುದೆ ಅಂದರೆ ಆಕೆ ವರ್ಷಕ್ಕೊಮ್ಮೆ ದೇವಸ್ಥಾನಕ್ಕೆ ಹೋದರೆ ಹೆಚ್ಚು. ಹೊಗಳಿಕೆಗೋ ಅಂದರೆ, ಯಾರಾದರೂ ಬಾಯಿಬಿಟ್ಟು ಹೊಗಳಿದ ತಕ್ಷಣ ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಒಳಗೆ ಓಡುತ್ತಿದ್ದರು. ಬೀದಿಯ ಸುದ್ದಿ ಕೆದಕುವ ಚಟವೂ ಇಲ್ಲ. ಇಷ್ಟು ಜಾಲಾಡಿಯೂ ಒಂದು ಸ್ವಾರ್ಥ ಸಿಗಲಿಲ್ಲವೆಂದು ವಿಮಲಮ್ಮನ ಸಿಟ್ಟು ಇನ್ನೂ ಏರಿತು.

ಈ ಶ್ರಾವಣದಲ್ಲಿ ಶಿವಗಂಗಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮೂಳೆ ಮುರಿದುಕೊಂಡರು. ಸುದ್ದಿ ಕೇಳಿದಾಗ ವಿಮಲಮ್ಮನಿಗೆ ಮೊದಲು ಆದದ್ದು ಸಂತೋಷ. ನಾಚಿಕೆಯಾದದ್ದು ಆಮೇಲೆ. ನಾಚಿಕೊಳ್ಳುತ್ತಲೇ ಕುಕ್ಕರ್ ಇಟ್ಟರು. ಹೀರೇಕಾಯಿ ತೊವ್ವೆ, ಅನ್ನ, ಮೇಲೆ ಒಂದು ಚಮಚ ತುಪ್ಪ. ಅಟ್ಟದ ಮೇಲಿದ್ದ, ತನ್ನ ಹೆಸರು ಕೊರೆಸಿದ್ದ ಕ್ಯಾರಿಯರ್ ಇಳಿಸಿ, ತುಂಬಿಕೊಂಡು ಎರಡು ಗಂಟೆಗೆ ರಸ್ತೆ ದಾಟಿದರು.

ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು. ಶಿವಗಂಗಮ್ಮ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ದಿವಾನದ ಮೇಲೆ ಒಬ್ಬರೇ ಕೂತಿದ್ದರು. ಕ್ಯಾರಿಯರ್ ನೋಡಿದ್ದೇ ತಡ, "ನಂದು ಊಟ ಆಯ್ತು ವಿಮಲಮ್ಮ," ಅಂದರು.

ಇದನ್ನೇ ಕಾಯುತ್ತಿದ್ದರು ವಿಮಲಮ್ಮ. ಎರಡು ವರ್ಷದಲ್ಲಿ ಯಾರು ಮನೆಗೆ ಕರೆದರೂ, ತಟ್ಟೆಗೆ ಏನು ಹಾಕಿಕೊಟ್ಟರೂ ಆಕೆ ಹೇಳಿದ್ದು ಈ ಒಂದೇ ಮಾತು. ಮುರಿದ ಕೈ ಇಟ್ಟುಕೊಂಡೂ ಅದೇ ರಾಗವೇ ಎಂದು ಅವರಿಗೆ ತಡೆಯಲಾಗಲಿಲ್ಲ.

"ನೀವು ಯಾವಾಗ್ಲೂ ಕೊಡೋರು, ನಾವು ಯಾವಾಗ್ಲೂ ಈಸ್ಕೊಳ್ಳೋರು. ಹಿಂಗೇ ಇರ್ಬೇಕಾ ನಾವು? ನಿಮ್ಮ ಅನ್ನ ತಿಂದು ತಿಂದು ನಾನು ನಿಮ್ಮ ಮುಂದೆ ತಲೆ ಎತ್ತದ ಹಾಗೆ ಆಗಿದೀನಿ, ಗೊತ್ತೇನ್ರೀ ನಿಮಗೆ?"

ಹೇಳುತ್ತಾ ಹೇಳುತ್ತಾ ಕ್ಯಾರಿಯರನ್ನು ದಿವಾನದ ಮೇಲೆ ಕುಕ್ಕಿದರು. ಶಿವಗಂಗಮ್ಮ ಅವರ ಮುಖ ನೋಡಿದರು. ಆಮೇಲೆ, "ಎಡಗೈಲಿ ತಿನ್ನೋಕೆ ಆಗಲ್ಲ, ನೀವೇ ತಿನ್ಸಿ," ಅಂದರು.

ವಿಮಲಮ್ಮ ಕಲಸಿ ಕಲಸಿ ತುತ್ತು ಕೊಟ್ಟರು. ಗೆದ್ದ ಹುಮ್ಮಸ್ಸಿನಲ್ಲಿ ಎರಡನೇ ಸಲವೂ ಅನ್ನ ಬಡಿಸಿದರು. ಶಿವಗಂಗಮ್ಮ ಬೇಡ ಅನ್ನಲಿಲ್ಲ. ನಡುನಡುವೆ ನೀರು ಕುಡಿಯುತ್ತಾ, ನಿಧಾನವಾಗಿ, ಒಂದು ಅಗುಳೂ ಬಿಡದೆ ತಿಂದರು. ತೊವ್ವೆ ಚೆನ್ನಾಗಿದೆ ಅಂತಲೂ ಹೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ವಿಮಲಮ್ಮನಿಗೆ ಎದೆ ಹಗುರವಾಯಿತು.

ಬರಿದಾದ ಕ್ಯಾರಿಯರ್ ಹಿಡಿದು ಗೇಟಿನ ಹತ್ತಿರ ಬಂದಾಗ ಶಿವಗಂಗಮ್ಮನವರ ಮಗಳು ಬಿಂದುಶ್ರೀ ಎದುರಾದಳು. ನಂದಿನಿ ಲೇಔಟಿನಿಂದ ಬೆಳಿಗ್ಗೆಯೇ ಬಂದಿದ್ದಳಂತೆ.

"ಮಾತ್ರೆ ತರೋಕೆ ಹೋಗಿದ್ದೆ ಆಂಟಿ. ಒಂದೂವರೆಗೇ ಅಮ್ಮಂಗೆ ಮುದ್ದೆ ತಿನ್ಸಿದೀನಿ. ಇವತ್ತು ಒಂದು ಮುದ್ದೆ ಪೂರ್ತಿ ತಿಂದ್ರು. ಇನ್ನೊಂದು ತುತ್ತು ಅಂದ್ರೆ, ಹೊಟ್ಟೇಲಿ ಜಾಗ ಇಲ್ಲ ಕಣೇ ಅಂದ್ಬಿಟ್ರು."

ವಿಮಲಮ್ಮ ಹೂಂಗುಟ್ಟಿ, ಕ್ಯಾರಿಯರನ್ನು ಸೆರಗಿನ ಮರೆಗೆ ಸರಿಸಿಕೊಂಡರು. ರಸ್ತೆ ದಾಟುವಾಗ ಆ ಹೆಂಗಸಿನ ಮೇಲೆ ಎಂದೂ ಬರದಷ್ಟು ಕೋಪ ಬಂದಿತ್ತು, ಕಣ್ಣೂ ತುಂಬಿತ್ತು. ಕೊನೆಗೂ ಒಂದು ಹೊತ್ತಿನ ಊಟ ಕೊಟ್ಟೆ ಅಂದುಕೊಂಡರೆ, ಅದನ್ನೂ ಈಸಿಕೊಂಡವಳು ತಾನೇ ಆಗಿದ್ದಳು.