ಕೋಟೆ ಬೀದಿಯ ನಕ್ಷೆ ಸಾಬರು

ಅಮೀರ್ ಜಾನ್ ಸಾಹೇಬರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು. ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಗೋಡೆಗೆ ಅಂಗೈ ಊರಿ, ನಾಡಿ ನೋಡುವವರ ಹಾಗೆ ಒಂದು ಗಳಿಗೆ ನಿಲ್ಲುವರು. ಆಮೇಲೆ ಮೂಲೆ ಮೂಲೆಗೂ ಕಣ್ಣಾಡಿಸಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಹುಡುಕುವರು. ಅದೆಲ್ಲ ಮುಗಿದ ಮೇಲೆಯೇ ಮನೆಯವರ ಕಡೆ ಮುಖ. ನೆಂಟಸ್ತಿಕೆಗೆ ಹೆಣ್ಣು ನೋಡಲು ಹೋದಾಗಲೂ ಅವರು ಮೊದಲು ತೊಲೆ ನೋಡಿದರಂತೆ ಎಂದು ಊರಿನವರು ನಗುತ್ತಿದ್ದರು.

ಕೆಮ್ಮಣ್ಣುಗುಂಡಿಯ ಅದಿರು ಗಣಿಯಲ್ಲಿ ನಕ್ಷೆಗಳನ್ನು ಟ್ರೇಸ್ ಮಾಡುವ ಕೆಲಸದಲ್ಲಿದ್ದವರು, ಬೆಟ್ಟದ ಚಳಿ ಒಗ್ಗದೆ ಇಳಿದು ಬಂದು ತರೀಕೆರೆಯಲ್ಲಿ ನೆಲೆ ನಿಂತಿದ್ದರು. ಮನೆ ಕಟ್ಟುವವರು ಪುರಸಭೆಗೆ ಅರ್ಜಿಯ ಜೊತೆ ನಕ್ಷೆ ಕೊಟ್ಟು ಪರವಾನಗಿ ಪಡೆಯಬೇಕು. ಆ ನಕ್ಷೆ ಬರೆದು ಸಹಿ ಹಾಕುವ ಅಧಿಕಾರ ಊರಲ್ಲಿ ಇದ್ದದ್ದು ಇಬ್ಬರಿಗೋ ಮೂವರಿಗೋ. ಅವರಲ್ಲಿ ಸಾಹೇಬರೂ ಒಬ್ಬರು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರ ಬಾಯಲ್ಲೂ ನಕ್ಷೆ ಸಾಬರು.

ಅವರಷ್ಟು ಅಂಜುಬುರುಕ ಮನುಷ್ಯನನ್ನು ನಾನು ನೋಡಿಲ್ಲ. ಅರ್ಜಿ ಕೊಡುವ ದಿನ ಊಟ ಸೇರುತ್ತಿರಲಿಲ್ಲ. ಪುರಸಭೆಯ ಮೆಟ್ಟಿಲ ಮೇಲೆ ನಿಂತು ನಕ್ಷೆಯ ಸುರುಳಿ ಬಿಚ್ಚುವುದು, ನೋಡುವುದು, ಸುತ್ತುವುದು, ಮತ್ತೆ ಬಿಚ್ಚುವುದು. ಒಮ್ಮೆ ಉತ್ತರ ದಿಕ್ಕಿನ ಬಾಣದ ಗುರುತು ಹಾಕುವುದನ್ನೇ ಮರೆತು, ಅದು ನೆನಪಾಗಿ ಎರಡು ದಿನ ಜ್ವರ ಬಂದು ಮಲಗಿದ್ದರು. "ರಬ್ಬರ್ ನಡೆಯೋದು ಕಾಗದದ ಮೇಲೆ ಕಣಪ್ಪ, ಕಲ್ಲಿನ ಮೇಲೆ ನಡೆಯಲ್ಲ" ಎನ್ನುವುದು ಅವರ ಮಾತು. ಕೇಳಿದವರು ನಕ್ಕರೆ ಅವರಿಗೆ ಕೋಪ ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾವು ಕೋಟೆ ಬೀದಿಯ ನಮ್ಮ ಹಳೇ ಮನೆ ಕೆಡವಿದೆವು. ಪಾಳೇಗಾರರ ಕಾಲದ ಬೀದಿ ಅದು. ಓಣಿಗಳು ಮೊದಲೇ ಇಕ್ಕಟ್ಟು. ಹಾಗಾಗಿ ಹೊಸ ಗೋಡೆ ಓಣಿಯ ಕಡೆ ಒಂದು ಅಂಗುಲವೂ ಸರಿಯಬಾರದು ಎಂಬ ಷರತ್ತಿನ ಮೇಲೆ ಪರವಾನಗಿ ಸಿಕ್ಕಿತ್ತು. ಪಾಯ ನೆಲಮಟ್ಟಕ್ಕೆ ಬಂದಾಗ ಓವರ್‌ಸಿಯರ್ ಬಂದು ಅಳೆಯುತ್ತಾರೆ. ನಕ್ಷೆಗೆ ತಾಳೆಯಾಗದಿದ್ದರೆ ಪರವಾನಗಿ ರದ್ದು, ನಕ್ಷೆಗೆ ಸಹಿ ಹಾಕಿದವರ ಅಧಿಕಾರವೂ ಹೋಗುತ್ತದೆ. ನಮಗೆ ಬೇರೆ ಮನೆ ಇರಲಿಲ್ಲ. ಅಪ್ಪ, ಅಮ್ಮ ದಿನಸಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಮೆಣಸಿನಕಾಯಿ ಮೂಟೆಗಳ ನಡುವೆ ಕೆಮ್ಮುತ್ತ ಮಲಗುತ್ತಿದ್ದರು. ನಾನು ಯಗಟಿಯಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ, ಶನಿವಾರದ ಬಸ್ಸಿಗೆ ಊರಿಗೆ ಬರುತ್ತಿದ್ದೆ.

ಅಂಥ ಒಂದು ಶನಿವಾರ ಬಂದು ನೋಡಿದರೆ ಪಾಯದ ಪಕ್ಕ ಸಾಹೇಬರು ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮೇಷ್ಟ್ರೇ, ಓಣಿ ಕಡೆ ಗೋಡೆ ಒಂದೂವರೆ ಗೇಣು ಆಚೆ ಹೋಗ್ಬಿಟ್ಟಿದೆ. ನಾನು ಅಜ್ಜಂಪುರಕ್ಕೆ ಹೋಗಿದ್ದೆ ನಾಲ್ಕು ದಿನ. ಅಷ್ಟರಲ್ಲಿ ಗುರುತಿನ ದಾರ ಯಾರು ಸರಿಸಿದ್ರು?"

ಸರಿಸಿದ್ದು ಮೇಸ್ತ್ರಿ ಕರಿಯಪ್ಪ. ಸರಿಸಲು ಹೇಳಿದ್ದು ನಮ್ಮಮ್ಮ.

ನಮ್ಮ ಕಡೆ ಮನೆಗೆ ಆಯ ನೋಡುತ್ತಾರೆ. ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿಯುವ ಅಂಕಿಯಿಂದ ಮನೆಯ ಒಳಿತು ಕೆಡುಕು ಹೇಳುವ ಲೆಕ್ಕ ಅದು. ವೃಷಭಾಯ ಬಂದರೆ ಒಳ್ಳೆಯದು. ಖರಾಯ, ಅಂದರೆ ಕತ್ತೆಯ ಆಯ ಬಂದರೆ ಆ ಮನೆಯಲ್ಲಿ ಮಕ್ಕಳು ಉಳಿಯುವುದಿಲ್ಲ ಎಂಬ ನಂಬಿಕೆ. ಮೇಸ್ತ್ರಿ ನಕ್ಷೆಯ ಅಳತೆಯನ್ನು ಶಿವನಿಯ ಬಡಗಿಗೆ ಕೊಟ್ಟು ಆಯ ಹಾಕಿಸಿದ್ದ. ಖರಾಯ ಬಂದಿತ್ತು. ಒಂದೂವರೆ ಗೇಣು ಹೊರಗೆ ಸರಿಸಿದರೆ ಸರಿಹೋಗುತ್ತದೆ ಎಂದಿದ್ದನಂತೆ ಬಡಗಿ. ಅಮ್ಮ ಯಾರನ್ನೂ ಕೇಳದೆ ಸರಿಸು ಎಂದುಬಿಟ್ಟಿದ್ದಳು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಳೇ ಮನೆಯಲ್ಲಿ ನನಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು.

"ಸೋಮವಾರ ಓವರ್‌ಸಿಯರ್ ಬರ್ತಾರೆ ತಾಯಿ" ಎಂದರು ಸಾಹೇಬರು. "ಗೋಡೆ ಒಳಕ್ಕೆ ತರಿಸಿ. ನಿಮ್ ಕಾಲಿಗೆ ಬೀಳ್ತೀನಿ."

"ಖರಾಯದ ಮನೇಲಿ ನಾನು ಕಾಲಿಡಲ್ಲ ಸಾಬ್ರೇ. ನಾಳೆ ಇವನಿಗೆ ಮದ್ವೆ ಆಗ್ಬೇಕು, ಮಕ್ಳಾಗ್ಬೇಕು. ಗೋದಾಮಲ್ಲೇ ಸಾಯ್ತೀನಿ ಬೇಕಾದ್ರೆ."

"ಅವ್ರು ಪರವಾನಗಿ ಕಿತ್ಕೊಂಡ್ರೆ?"

"ಕಿತ್ಕೊಳ್ಲಿ. ಮಕ್ಳನ್ನ ಕಳ್ಕೊಂಡೋಳು ನಾನು, ಪುರಸಭೆಯೋರಲ್ಲ."

ಅಪ್ಪ ಅಂಗಡಿಯಿಂದ ಬಂದು ಒಮ್ಮೆ ಅಮ್ಮನ ಮುಖ, ಒಮ್ಮೆ ಸಾಹೇಬರ ಮುಖ ನೋಡಿ ಮತ್ತೆ ಅಂಗಡಿಗೇ ಹೋದ. ಸೋಮವಾರವೇ ಹೆಬ್ಬಾಗಿಲ ಚೌಕಟ್ಟು ನಿಲ್ಲಿಸುವ ಮುಹೂರ್ತವೂ ಇತ್ತು. ಅದು ತಪ್ಪಿದರೆ ಆಷಾಢ, ಅದರ ಬೆನ್ನಿಗೇ ಮಳೆ.

ಭಾನುವಾರ ಬೆಳಗ್ಗೆ ಸಾಹೇಬರು ಮತ್ತೆ ಬಂದರು. ಪಂಚಾಂಗ ನೋಡುವವರ ಮನೆಗೆ ಹೋಗಿ ಆಯದ ಸೂತ್ರ ಬರೆಸಿಕೊಂಡು ಬಂದಿದ್ದರು. "ಮೇಸ್ತ್ರಿ ಕೊಟ್ಟಿದ್ದು ಗೋಡೆಯ ಹೊರಗಿನ ಅಳತೆ ತಾಯಿ. ಆಯ ನೋಡೋದು ಒಳಗಿಂದ ಒಳಕ್ಕಂತೆ" ಎಂದು ಹೇಳಿ, ನಕ್ಷೆಯ ಗೆರೆ ಬರಬೇಕಿದ್ದ ಕಡೆ ದಾರ ಕಟ್ಟಿ, ಒಳಗೆ ಉದ್ದಕ್ಕೂ ಅಡ್ಡಕ್ಕೂ ಅಳೆದರು. ಕಲ್ಲಿನ ಮೇಲೆ ಕೂತು ಪೆನ್ಸಿಲಿನಿಂದ ಗುಣಿಸಿದರು, ಭಾಗಿಸಿದರು. ಮತ್ತೆ ಮೊದಲಿಂದ ಮಾಡಿದರು. ಮೂರನೇ ಸಲ ಮಾಡಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

"ವೃಷಭಾಯ" ಎಂದರು.

"ಸರಿಯಾಗಿ ನೋಡಿದ್ರಾ?"

"ಮೂರು ಸಲ ನೋಡಿದೆ ತಾಯಿ."

ಅಮ್ಮ ಮೇಸ್ತ್ರಿಯ ಕಡೆ ತಿರುಗಿ, "ಕಿತ್ತಾಕು" ಎಂದಳು. ನಾನು ಮೇಷ್ಟ್ರು, ಆ ಕಾಗದ ಈಸಿಕೊಂಡು ಲೆಕ್ಕ ನೋಡಬಹುದಿತ್ತು. ನೋಡಲಿಲ್ಲ. ತಪ್ಪು ಸಿಕ್ಕಿಬಿಟ್ಟರೆ ಎಂಬ ಭಯ. ಹಗಲೆಲ್ಲ ಕಲ್ಲು ಕಿತ್ತು ಒಳಕ್ಕೆ ಹಾಕಿದೆವು. ಸಾಹೇಬರೂ ಅಂಗಿ ತೋಳು ಮಡಚಿ ಕಲ್ಲು ಹೊತ್ತರು. ಸೋಮವಾರ ಓವರ್‌ಸಿಯರ್ ಅಳೆದು, ತಲೆಯಾಡಿಸಿ, ಸಹಿ ಹಾಕಿ ಹೋದರು. ಶಿವನಿಯ ಬಡಗಿ ತಂದ ಚೌಕಟ್ಟು ಮುಹೂರ್ತಕ್ಕೆ ಸರಿಯಾಗಿ ನಿಂತಿತು.

ಮನೆ ಮುಗಿದ ಮೇಲೂ ಸಾಹೇಬರು ಬರುವುದು ಬಿಡಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬಂದು, ಓಣಿ ಕಡೆ ಗೋಡೆಗೆ ಕೈಯಿಟ್ಟು ನಿಂತು, ಒಳಗೆ ಬಂದು ಚಾ ಕುಡಿದು, ಮನೆಯವರ ಆರೋಗ್ಯವನ್ನು ಒಬ್ಬೊಬ್ಬರದಾಗಿ ವಿಚಾರಿಸಿಕೊಂಡು ಹೋಗುವರು. ತಾವು ಕಟ್ಟಿಸಿದ ಮನೆಯ ಮೇಲಿನ ಮಮತೆ ಎಂದುಕೊಂಡಿದ್ದೆವು. ನನ್ನ ಹೆಂಡತಿಯ ಮೊದಲ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದರು. ಮಗು ಅತ್ತದ್ದು ಕೇಳಿಸಿದಾಗ ಎದ್ದು ಹೊರಟುಹೋದರು. ಮಗುವಿಗೆ ಒಂದು ವರ್ಷ ತುಂಬುವವರೆಗೂ ವಾರ ವಾರ ಬಂದರು. ತುಂಬಿದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದವರು ಅವರು, ನಾವಲ್ಲ. ಅಪ್ಪ ಸಕ್ಕರೆ ಕಾಯಿಲೆ ಜೋರಾಗಿ ತೀರಿಕೊಂಡಾಗ ಮಾತ್ರ ಒಳಗೆ ಬರಲೇ ಇಲ್ಲ. ಓಣಿಯಲ್ಲೇ ನಿಂತು ಅತ್ತರು. ಇಷ್ಟು ಮೆತ್ತನೆಯ ಮನುಷ್ಯ ಮನೆ ಕಟ್ಟಿಸುವ ಕೆಲಸಕ್ಕೆ ಯಾಕೆ ಬಂದರೋ ಎಂದುಕೊಂಡೆ.

ಎಂಬತ್ತರ ದಶಕದ ಕೊನೆಗೆ ಅವರು ಕೈ ನಡುಗಿ ಗೆರೆ ಎಳೆಯಲಾಗದೆ, ಕಡೂರಿನಲ್ಲಿ ಮಗಳ ಮನೆ ಸೇರಿದರು. ಕಾಯಿಲೆ ಎಂದು ಕೇಳಿ ನೋಡಲು ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಗಳು ಚಾ ತರಲು ಒಳಗೆ ಹೋದದ್ದೇ ತಡ, ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮೇಷ್ಟ್ರೇ, ಆವತ್ತು ಆಯ ಕೂಡಿ ಬರ್ಲಿಲ್ಲ."

ನನಗೆ ತಟ್ಟನೆ ಅರ್ಥವಾಗಲಿಲ್ಲ.

"ಮೂರು ಸಲ ಹಾಕಿದೆ. ಮೂರು ಸಲಾನೂ ಆರೇ ಉಳೀತು. ಖರಾಯ. ನಾನು ಸುಳ್ಳು ಹೇಳ್ದೆ. ನಿಮ್ಗೆ ಮನೆ ಹೋಗುತ್ತೆ, ನಂಗೆ ಸಹಿ ಹೋಗುತ್ತೆ ಅಂತ ಹೆದ್ರಿ ಹೇಳ್ಬಿಟ್ಟೆ. ಇಂಥದ್ನೆಲ್ಲ ನಂಬೋನಲ್ಲ ನಾನು. ಆದ್ರೆ ನಿಮ್ಮಮ್ಮ ನಂಬ್ತಾರಲ್ಲ. ಮಗು ಹುಟ್ಟಿದಾಗ ಒಂದು ವರ್ಷ ನಿದ್ದೆ ಮಾಡಿಲ್ಲ ಮೇಷ್ಟ್ರೇ. ನಿಮ್ಮಪ್ಪ ಹೋದಾಗ, ಇದು ನನ್ನಿಂದ್ಲೇ ಅನ್ನಿಸ್ತು."

"ಅಪ್ಪ ಬೆಲ್ಲ ತಿಂದು ಹೋದ್ರು ಸಾಹೇಬ್ರೇ. ನಿಮ್ಮ ಲೆಕ್ಕದಿಂದಲ್ಲ" ಎಂದೆ.

ಅವರು ನಗಲಿಲ್ಲ. "ಅಮ್ಮಂಗೆ ಹೇಳ್ಬೇಡಿ" ಎಂದರು.

ನನ್ನ ಬಾಯಲ್ಲಿ ಯಾವ ಗುಟ್ಟು ನಿಂತಿದೆ? ಮನೆಗೆ ಬಂದವನೇ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ನಂಗೊತ್ತಿತ್ತು ಕಣೋ. ಬಾಗಿಲು ನಿಲ್ಸಕ್ಕೆ ಬಂದಿದ್ನಲ್ಲ ಬಡಗಿ, ಅವನ ಕೈಲಿ ಅವತ್ತೇ ಮತ್ತೆ ಅಳೆಸಿದ್ದೆ. ಒಳಗಿಂದ ಅಳೆದ್ರೂ ಖರಾಯನೇ ಅಂದ."

"ಮತ್ತೆ ಯಾಕಮ್ಮ ಸುಮ್ನಿದ್ದೆ?"

"ಹಿಂದಿನ ದಿನ ಸಾಬ್ರು ಕಲ್ಲು ಹೊರೋದು ನೋಡಿದ್ದೆನಲ್ಲ. ಕೈಯೆಲ್ಲ ಸುಲಿದು ರಕ್ತ ಬಂದಿತ್ತು. ಇಷ್ಟು ಕಷ್ಟಪಟ್ಟು ಒಬ್ಬ ನಮ್ಗೋಸ್ಕರ ಸುಳ್ಳು ಹೇಳೋನು ಇದ್ರೆ ಆ ಮನೆಗೆ ಏನು ಕೇಡಾಗುತ್ತೆ ಅನ್ನಿಸ್ತು. ನಂಗೆ ಗೊತ್ತಾಗೋಯ್ತು ಅಂದ್ರೆ ನೊಂದ್ಕೋತಾನೆ ಅಂತ ಬಾಯಿ ಬಿಡ್ಲಿಲ್ಲ." ಈಗ ಮೊರ ಪಕ್ಕಕ್ಕಿಟ್ಟಳು. "ಇಷ್ಟು ವರ್ಷ ಅದನ್ನೇ ಹೊಟ್ಟೇಲಿಟ್ಕೊಂಡು ಬರ್ತಿದ್ನಾ ಆ ಮನುಷ್ಯ? ಭಾನುವಾರ ಕಡೂರಿಗೆ ಹೋಗೋಣ ನಡಿ. ನಾನೇ ಹೇಳ್ತೀನಿ."

ಭಾನುವಾರ ಮೊದಲ ಬಸ್ಸಿಗೇ ಹೋದೆವು. ಬೀದಿಯ ತಿರುವಿನಲ್ಲೇ ಜನ ಕಂಡರು, ಬಾಗಿಲ ಮುಂದೆ ರಾಶಿ ಚಪ್ಪಲಿ. ಸಾಹೇಬರು ಹಿಂದಿನ ರಾತ್ರಿಯೇ ಹೋಗಿದ್ದರಂತೆ. ಗಂಡಸರು ಆಗಲೇ ಹೊತ್ತುಕೊಂಡು ಹೊರಟಾಗಿತ್ತು, ನಾನು ಅವರ ಹಿಂದೆ ಹೋದೆ. ತಿರುಗಿ ಬಂದಾಗ ಅಮ್ಮ ಒಳಗೆ ಹೆಂಗಸರ ನಡುವೆ ಸಾಹೇಬರ ಮಗಳ ಪಕ್ಕ ಕೂತಿದ್ದಳು. ಅವಳ ಕೈ ಹಿಡಿದುಕೊಂಡಿದ್ದಳು.

"ನಿಮ್ಮಪ್ಪಂಗೆ ಒಂದು ಮಾತು ಹೇಳೋದಿತ್ತು ಕಣಮ್ಮ" ಎನ್ನುತ್ತಿದ್ದಳು.

"ಏನು ಹೇಳಿ ಅಮ್ಮ."

"ನಂಗೂ ಆ ಲೆಕ್ಕ ಗೊತ್ತಿತ್ತು ಅಂತ. ಮೊದಲ್ನೇ ದಿನದಿಂದ್ಲೂ ಗೊತ್ತಿತ್ತು ಅಂತ."

ಆ ಹುಡುಗಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಹೂಂ ಎಂದು, ತನ್ನ ಸೆರಗಿನಿಂದ ನಮ್ಮಮ್ಮನ ಕಣ್ಣು ಒರೆಸಿದಳು.