ಬಸ್ಸಿನಲ್ಲಿ ಸಿಕ್ಕ ಕೆಂಪು ಚಿನ್ನ

ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಗೊಂದು ಪುಟ್ಟ ಬಾಟಲಿ ಕೊಟ್ಟರು. "ಸಾರ್, ಓದ್ದೋರಂಗೆ ಕಾಣ್ತೀರಿ. ಇದ್ರಾಗೆ ಚಿನ್ನ ಐತಂತೆ, ಮೆದುಳಿಗೆ ಒಳ್ಳೇದಂತೆ. ನಮ್ಮನೆಯೋರಿಗೆ ಮರೆವಿನ ಕಾಯಿಲೆ ಅಂತ ತಂದೆ. ಆದ್ರೆ ಚಿನ್ನ ಕೆಂಪಗಿರ್ತೈತೇನ್ರೀ? ಮೋಸ ಹೋದ್ನೇನೋ!"

ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಕೇಳಬೇಕೆ! ಚಿನ್ನವನ್ನು ಕಣ್ಣಿಗೆ ಕಾಣದ ನ್ಯಾನೋ ಕಣಗಳಾಗಿಸಿ ನೀರಿನಲ್ಲಿ ಬೆರೆಸಿದರೆ ಕೆಂಪಗೇ ಕಾಣುತ್ತದೆಂದು ಅರ್ಧ ಬಸ್ಸಿಗೆ ಕೇಳುವಂತೆ ವಿವರಿಸಿದೆ.

"ಹಂಗಾರೆ ಅಸಲೀನೇ! ಕೂಸಿಗೆ ಬಜೆ ಜೊತೆ ಚಿನ್ನ ತೇದು ನೆಕ್ಕಿಸಲ್ವಾ, ಹಂಗೇ. ಇವತ್ತೇ ಕುಡಿಸ್ತೀನಿ. ಇನ್ನು ಡಾಕ್ಟ್ರ ಮಾತ್ರೆ ಯಾಕೆ?"

ನಾನು ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ತಡೀರಿ ತಾಯಿ! ಅಸಲಿ ಇರಬಹುದು ಅಂದೆ, ಕುಡಿಸಿ ಅನ್ನಲಿಲ್ಲ. ಇಷ್ಟು ಸಣ್ಣ ಕಣ ಮೆದುಳಿಗೂ ಹೋಗಬಹುದು. ಔಷಧಿ ಅಲ್ಲಿಗೆ ಮುಟ್ಟಿಸಬಹುದು ಅಂತ ವಿಜ್ಞಾನಿಗಳಿಗೆ ಆಸೆ; ಭಯವೂ ಅದೇ."

"ಒಳಗೆ ಹೋಗಿದ್ದು ವಾಪಸ್ ಬರ್ತೈತಾ?"

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ನೇರವಾಗಿ ಕೇಳಿದವರಲ್ಲ. "ಪೂರ್ತಿ ಬರುತ್ತೋ, ಅಲ್ಲೇ ಕೂತು ತೊಂದರೆ ಕೊಡುತ್ತೋ, ಇನ್ನೂ ಪರೀಕ್ಷೆ ಮಾಡ್ತಾ ಇದಾರೆ. ನನಗೆ ಗೊತ್ತಿಲ್ಲ ತಾಯಿ."

"ಇಷ್ಟು ಓದ್ದೋರಿಗೇ ಗೊತ್ತಿಲ್ಲ ಅಂದ್ಮೇಲೆ ನಮ್ಮನೆಯೋರ ತಲೆ ಮೇಲೆ ಯಾಕ್ರೀ ಪ್ರಯೋಗ? ಮಾತ್ರೆ ನಿಲ್ಸಲ್ಲ. ಇದನ್ನ ಡಾಕ್ಟ್ರಿಗೆ ತೋರಿಸ್ತೀನಿ" ಎಂದು ಬಾಟಲಿ ಇಸಿದುಕೊಂಡು ಬ್ಯಾಗಿಗೆ ಹಾಕಿದರು.

ನನ್ನ 'ಗೊತ್ತಿಲ್ಲ' ಅನ್ನೋ ಮಾತೇ ಅವರನ್ನು ತಡೆಯಿತೆಂಬ ಹೆಮ್ಮೆ ತಾಳಲಾರದೆ ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಗೊತ್ತಿಲ್ಲ ಅಂತ ನೀವು ಹೇಳಿದ್ರಾ? ಸಾಕ್ಷಿ ಯಾರಿದ್ರು?"